ಅರ್ಥ ಮರೆತರೂ ಹಾಡು ಉಳಿಯಿತು

ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಪ್ರತಿ ಶನಿವಾರ ಒಂದು ಹಾಡು ಹಾಡಿಸುತ್ತೇವೆ. ಇಂಗ್ಲಿಷಿನಲ್ಲಿ ಅದು ‘ವಿ ಶಲ್ ಓವರ್‌ಕಮ್’, ಹಿಂದಿಯಲ್ಲಿ ‘ಹಮ್ ಹೋಂಗೇ ಕಾಮ್‌ಯಾಬ್’. ಕನ್ನಡದಲ್ಲಿಯೂ ಇದೆ, ನಿಮ್ಮ ಮಕ್ಕಳ ಬಾಯಲ್ಲಿ ಕೇಳಿಯೇ ಇರುತ್ತೀರಿ. ಎಷ್ಟೋ ವರ್ಷಗಳಿಂದ ನಾನೇ ಮುಂದೆ ನಿಂತು ಕೈಯಾಡಿಸುತ್ತಾ ಹಾಡಿಸಿದ್ದೇನೆ. ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ದಿನವೂ ಅಭ್ಯಾಸ. ನಿಜ ಹೇಳಬೇಕೆಂದರೆ, ಅದು ನಮ್ಮದೇ ಸ್ವಾತಂತ್ರ್ಯ ಚಳವಳಿಯ ಕಾಲದ ಯಾವುದೋ ಹಾಡಿರಬೇಕು ಎಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ.

ಒಂದು ಶನಿವಾರ ಪ್ರಾರ್ಥನೆ ಮುಗಿಸಿ ಏಳನೆಯ ತರಗತಿಗೆ ಹೋದಾಗ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಹುಡುಗಿಗೆ ಮಾತು ಕಡಿಮೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಾಳೆಯೇ ಹೊರತು ತಾನಾಗಿ ಪ್ರಶ್ನೆ ಕೇಳುವವಳಲ್ಲ.

“ಟೀಚರ್, ಗೆಲ್ತೀವಿ ಗೆಲ್ತೀವಿ ಅಂತ ಹಾಡ್ತೀವಲ್ಲ, ಗೆಲ್ಲೋದು ಯಾರು? ಯಾರ ಮೇಲೆ ಗೆಲ್ಲೋದು?”

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಕಷ್ಟಗಳ ಮೇಲೆ ಕಣೇ, ಕೂತ್ಕೋ” ಎಂದು ಪಾಠಕ್ಕೆ ಹೊರಳಿದೆ. ಆದರೆ ಆ ಉತ್ತರ ನನಗೇ ರುಚಿಸಲಿಲ್ಲ. ಚರಿತ್ರೆಯ ಪಾಠ ಹೇಳುವವಳು ನಾನು. ಯಾವ ಯುದ್ಧದಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಇಸವಿ ಸಮೇತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ನಾನೇ ಹಾಡಿಸುವ ಹಾಡಿನಲ್ಲಿ ಯಾರು, ಯಾರ ಮೇಲೆ, ಯಾವಾಗ ಎಂಬುದು ನನಗೆ ಗೊತ್ತಿರಲಿಲ್ಲ. ಆ ನಾಚಿಕೆಯಿಂದ ಹುಡುಕಲು ಹೊರಟೆ. ಹುಡುಕುತ್ತಾ ಹುಡುಕುತ್ತಾ ಹೋಗಿ ನಿಂತದ್ದು ಅಮೆರಿಕದ ಒಂದು ಭತ್ತದ ಕರಾವಳಿಯಲ್ಲಿ.

ಭೂಪಟ ತೆಗೆದು ಅಮೆರಿಕದ ಆಗ್ನೇಯ ಮೂಲೆಯಲ್ಲಿ ಬೆರಳಿಟ್ಟರೆ ದಕ್ಷಿಣ ಕೆರೊಲಿನಾ, ಜಾರ್ಜಿಯಾ ಎಂಬ ಎರಡು ರಾಜ್ಯಗಳು ಸಿಗುತ್ತವೆ. ಅವುಗಳ ಕಡಲಂಚೆಲ್ಲ ಸಣ್ಣ ಸಣ್ಣ ದ್ವೀಪ, ಅಳಿವೆ, ಕೆಸರುನೆಲ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಐಶ್ವರ್ಯವೆಂದರೆ ಭತ್ತ. ಭೂಮಿಯ ಒಡೆಯರು ಬಿಳಿಯರು. ಆದರೆ ಭತ್ತದ ಕೆಲಸ ಕೈಯಾರೆ ಬಲ್ಲವರು ಅವರು ಕೊಂಡು ತಂದ ಗುಲಾಮರು. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ಕಡೆಯವರು ತಲೆತಲಾಂತರದಿಂದ ಭತ್ತ ಬೆಳೆದವರು. ಇದನ್ನು ತಿಳಿದ ಒಡೆಯರು ಆ ಸೀಮೆಯ ಜನರನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದರು. ಸಿಯೆರಾ ಲಿಯೋನ್ ನದಿಯ ಬಾಯಲ್ಲಿ ಬನ್ಸ್ ಎಂಬ ಪುಟ್ಟ ದ್ವೀಪ, ಅದರಲ್ಲಿ ಇಂಗ್ಲಿಷರ ಕೋಟೆ. ಹಿಡಿದು ತಂದವರನ್ನು ಅಲ್ಲಿ ಕೂಡಿಹಾಕಿ ಹಡಗಿಗೆ ತುಂಬುತ್ತಿದ್ದರು. ಕಡಲ ಈಚೆ ದಡದಲ್ಲಿ ಇಳಿಸುತ್ತಿದ್ದುದು ಚಾರ್ಲ್‌ಸ್ಟನ್ ಬಂದರಿನಲ್ಲಿ.

ಹಡಗಿನಿಂದ ಇಳಿಯುವ ಹೊತ್ತಿಗೆ ಆ ಜನರ ಬಳಿ ಏನು ಉಳಿದಿತ್ತು? ಹೆಸರು ಹೋಯಿತು, ಒಡೆಯ ಬೇರೆ ಹೆಸರಿಟ್ಟ. ಭಾಷೆಯೂ ಹೋಗುತ್ತಾ ಬಂತು. ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಕಡೆ ಮಾರಿದರು. ಮೈಮೇಲಿನ ಬಟ್ಟೆಯೂ ತಮ್ಮದಲ್ಲ. ಉಳಿದದ್ದು ಕೈಯಲ್ಲಿನ ಕೆಲಸ, ಬಾಯಲ್ಲಿನ ಹಾಡು. ಹೆಂಗಸರು ಮರದ ಒರಳಲ್ಲಿ ಭತ್ತ ಕುಟ್ಟಿದರು. ಹುಲ್ಲನ್ನು ಸುರುಳಿ ಸುತ್ತಿ ಹೆಣೆದ ಅಗಲ ಬುಟ್ಟಿಗಳಲ್ಲಿ, ನಮ್ಮ ಮೊರದ ಹಾಗೆಯೇ, ಕೇರಿ ಹೊಟ್ಟು ಹಾರಿಸಿದರು. ಆ ಹೆಣಿಗೆಯ ಬುಟ್ಟಿಗಳನ್ನು ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಚಾರ್ಲ್‌ಸ್ಟನ್ನಿನ ಬೀದಿಗಳಲ್ಲಿ ಕೂತು ಮಾರುತ್ತಾರೆ. ಈ ಕರಾವಳಿಯ ಕಪ್ಪು ಜನರನ್ನು ಗುಲ್ಲಾ ಎಂದೂ ಗೀಚಿ ಎಂದೂ ಕರೆಯುತ್ತಾರೆ. ಇಂಗ್ಲಿಷ್ ಶಬ್ದಗಳಿಗೆ ಆಫ್ರಿಕದ ನುಡಿಗಟ್ಟು ಸೇರಿ ಹುಟ್ಟಿದ ಮಾತು ಅವರದು.

1739ರ ಸೆಪ್ಟೆಂಬರ್ 9, ಭಾನುವಾರ. ಚಾರ್ಲ್‌ಸ್ಟನ್ನಿಗೆ ಸಮೀಪದ ಸ್ಟೋನೋ ನದಿಯ ಬಳಿ ಇಪ್ಪತ್ತರಷ್ಟು ಗುಲಾಮರು ಅಂಗಡಿಯೊಂದರಿಂದ ಬಂದೂಕು ಕಿತ್ತುಕೊಂಡು ದಂಗೆ ಎದ್ದರು. ಸ್ಪೇನಿನವರ ವಶದಲ್ಲಿದ್ದ ಫ್ಲಾರಿಡಾ ಸೇರಿದರೆ ಬಿಡುಗಡೆ ಎಂಬ ಆಸೆ. ನಿಶಾನೆ ಹಿಡಿದು, ಡೋಲು ಬಾರಿಸುತ್ತಾ ದಕ್ಷಿಣಕ್ಕೆ ನಡೆದರು. ಡೋಲಿನ ಸದ್ದು ಕೇಳಿ ತೋಟ ತೋಟಗಳಿಂದ ಜನ ಬಂದು ಸೇರಿಕೊಂಡರು. ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಿಳಿಯರು ಸತ್ತರು. ಆ ಸಂಜೆಯ ಹೊತ್ತಿಗೆ ಬಿಳಿಯರ ಪಡೆ ದಂಗೆಯನ್ನು ಮುರಿಯಿತು. ಅನೇಕರನ್ನು ಕೊಂದು ಹಾಕಿತು.

ಮರುವರ್ಷ, 1740ರಲ್ಲಿ, ಹೊಸ ಕಾಯಿದೆ ಬಂತು. ಗುಲಾಮರು ಡೋಲು ಬಾರಿಸಕೂಡದು, ಕೊಂಬು ಊದಕೂಡದು, ದೊಡ್ಡ ಸದ್ದು ಮಾಡುವ ಯಾವ ವಾದ್ಯವನ್ನೂ ಇಟ್ಟುಕೊಳ್ಳಕೂಡದು. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇತ್ತು. ಗುಲಾಮರಿಗೆ ಬರೆಯುವುದನ್ನು ಕಲಿಸಿದವರಿಗೆ 100 ಪೌಂಡು ದಂಡ. ಇದನ್ನು ಓದಿದಾಗ ಮೇಷ್ಟರ ಕೆಲಸದಲ್ಲಿ ಕೂದಲು ಹಣ್ಣಾದ ನನಗೆ ಮೈ ಜುಮ್ಮೆಂದಿತು. ಆಳುವವರು ಹೆದರಿದ್ದು ಎರಡೇ ವಸ್ತುಗಳಿಗೆ ನೋಡಿ, ಒಂದು ಡೋಲು, ಇನ್ನೊಂದು ಅಕ್ಷರ.

ಡೋಲು ಕಿತ್ತುಕೊಂಡರೆ ತಾಳ ಹೋಗುತ್ತದೆಯೆ? ಜನ ಕೈ ತಟ್ಟಿದರು, ಕಾಲು ಬಡಿದರು. ಪೊರಕೆಯ ಹಿಡಿಯಂಥ ಕೋಲಿನಿಂದ ಮರದ ನೆಲವನ್ನು ಕುಟ್ಟಿದರು. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿದು, ಸುತ್ತಾಗಿ ನಿಂತು, ಅಪ್ರದಕ್ಷಿಣೆಯಾಗಿ ಕಾಲೆಳೆಯುತ್ತಾ ಸುತ್ತಿದರು. ಇದಕ್ಕೆ ‘ರಿಂಗ್ ಶೌಟ್’ ಎಂದು ಹೆಸರು. ದೇವರ ಸ್ಥಳದಲ್ಲಿ ಕುಣಿತ ಪಾಪ ಎಂದು ಪಾದ್ರಿಗಳು ಹೇಳಿದರೆ, ಕಾಲಿನ ಮೇಲೆ ಕಾಲು ಹಾಯದಿದ್ದರೆ ಅದು ಕುಣಿತವಲ್ಲ ಎಂಬ ಉತ್ತರ ಇವರ ಹತ್ತಿರ ಸಿದ್ಧವಾಗಿತ್ತು! ಜಾರ್ಜಿಯಾದ ಮಕಿಂಟಾಷ್ ಜಿಲ್ಲೆಯಲ್ಲಿ ಈ ಪದ್ಧತಿ ನಮ್ಮ ಕಾಲದವರೆಗೂ ಬಾಳಿ ಬಂದಿದೆ. ಈ ಜಿಲ್ಲೆಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುವುದಿದೆ.

ಇದೇ ಕರಾವಳಿಯ ಇನ್ನೊಂದು ದಿನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. 1863ರ ಜೂನ್ ತಿಂಗಳು, ಅಮೆರಿಕದ ಅಂತರ್ಯುದ್ಧದ ನಡುಗಾಲ. ಗುಲಾಮಗಿರಿಯಿಂದ ತಾನೇ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಹೋಗಿ ಇತರರನ್ನೂ ಬಿಡಿಸಿ ತಂದಿದ್ದ ಹ್ಯಾರಿಯೆಟ್ ಟಬ್‌ಮನ್ ಎಂಬ ಹೆಂಗಸು, ಉತ್ತರದ ಸೈನ್ಯದ ದೋಣಿಗಳ ಜೊತೆಯಲ್ಲಿ ಕಂಬಾಹಿ ನದಿಯಲ್ಲಿ ಒಳನಾಡಿಗೆ ಬಂದಳು. ದಡದ ಭತ್ತದ ಗದ್ದೆಗಳಿಂದ ಗುಲಾಮರು ಓಡೋಡಿ ಬಂದರು. ಒಬ್ಬ ಹೆಂಗಸು ಒಲೆಯಿಂದ ಆಗಷ್ಟೇ ಇಳಿಸಿದ ಅನ್ನದ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಬಂದಿದ್ದಳಂತೆ, ಅದರಿಂದ ಇನ್ನೂ ಹಬೆ ಏಳುತ್ತಿತ್ತಂತೆ. ಬಿಡುಗಡೆಯ ಗಳಿಗೆಯಲ್ಲೂ ಮಕ್ಕಳ ಊಟ ಮರೆಯದ ಆ ತಾಯಿಯನ್ನು ಎಷ್ಟು ನೆನೆದರೂ ಸಾಲದು.

ಎಲ್ಲರೂ ಒಮ್ಮೆಗೇ ದೋಣಿಗೆ ಮುಗಿಬಿದ್ದರು. ದೋಣಿ ಬಿಟ್ಟು ಹೋದೀತೆಂಬ ಭಯದಿಂದ ಅಂಚನ್ನು ಹಿಡಿದವರು ಕೈಬಿಡಲಿಲ್ಲ. ಸಮಾಧಾನ ಹೇಳೋಣವೆಂದರೆ ಇವರ ಗುಲ್ಲಾ ಮಾತು ಟಬ್‌ಮನ್‌ಗೆ ತಿಳಿಯದು, ಅವಳ ಮಾತು ಇವರಿಗೆ ತಿಳಿಯದು. ಸೇನಾಧಿಕಾರಿ ‘ಒಂದು ಹಾಡು ಹೇಳು’ ಎಂದ. ಅವಳು ದನಿ ಎತ್ತಿ ಹಾಡತೊಡಗಿದಳು. ದೋಣಿ ಹಿಡಿದಿದ್ದ ಕೈಗಳು ಬಿಟ್ಟು ಮೇಲೆದ್ದವು, ಜನ ಹಾಡಿಗೆ ದನಿಗೂಡಿಸಿದರು, ದೋಣಿಗಳು ಸರಿದವು. ಆ ಒಂದು ದಿನ 700ಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ಮಾತು ಸೋತ ಕಡೆ ಹಾಡು ಕೆಲಸಕ್ಕೆ ಬಂತು.

ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಬಡತನ ಮುಗಿಯಲಿಲ್ಲ, ಬಿಳಿಯರಿಗೊಂದು ಕಪ್ಪು ಜನರಿಗೊಂದು ಎಂಬ ಪಂಕ್ತಿಭೇದವೂ ಮುಗಿಯಲಿಲ್ಲ. ಎಂಬತ್ತು ವರ್ಷಗಳ ನಂತರ ಅದೇ ಚಾರ್ಲ್‌ಸ್ಟನ್ನಿನಲ್ಲಿ ಒಂದು ದೊಡ್ಡ ಚುಟ್ಟಾ ಕಾರ್ಖಾನೆ. ಅಮೆರಿಕನ್ ಟೊಬ್ಯಾಕೊ ಕಂಪನಿಯದು. ಹೊಗೆಸೊಪ್ಪಿನ ಧೂಳಿನ ನಡುವೆ ಅತಿ ಕಡಿಮೆ ಕೂಲಿಯ, ಅತಿ ಕೊಳಕು ಕೆಲಸ ಕಪ್ಪು ಹೆಂಗಸರ ಪಾಲಿಗೆ. ಒಳ್ಳೆಯ ಕೆಲಸಗಳು ಬಿಳಿಯರಿಗೆ. 1945ರ ಅಕ್ಟೋಬರಿನಲ್ಲಿ ಸುಮಾರು ಸಾವಿರ ಕೆಲಸಗಾರರು ಕೆಲಸ ನಿಲ್ಲಿಸಿ ಹೊರಬಂದರು. ಅವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರೇ. ಗಂಟೆಗೆ 25 ಸೆಂಟ್ ಹೆಚ್ಚು ಕೂಲಿ, ಬಣ್ಣ ನೋಡಿ ತಾರತಮ್ಯ ಮಾಡಬಾರದು ಎಂಬುದು ಅವರ ಬೇಡಿಕೆ.

ಮುಷ್ಕರ ಚಳಿಗಾಲವನ್ನೆಲ್ಲ ದಾಟಿತು. ಮಳೆ, ಚಳಿ, ಮನೆಯಲ್ಲಿ ಉರಿಯದ ಒಲೆ. ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳುವವರು ಮರಳಿದರು. ನಿಂತವರು ಕಾರ್ಖಾನೆಯ ಮುಂದೆ ಸಾಲಾಗಿ ನಡೆಯುತ್ತಾ ತಮ್ಮ ಚರ್ಚಿನ ಹಾಡುಗಳನ್ನು ಹಾಡಿಕೊಂಡರು. ಅವರಲ್ಲಿ ಲೂಸಿಲ್ ಸಿಮನ್ಸ್ ಎಂಬ ಹೆಣ್ಣುಮಗಳಿಗೆ ಒಳ್ಳೆಯ ಕಂಠ. ದಿನದ ಸಾಲು ಮುಗಿಯುವ ಹೊತ್ತಿಗೆ ಅವಳು ಒಂದು ಹಾಡನ್ನು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಎಳೆದು ಹಾಡಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದಳು. ಚರ್ಚಿನಲ್ಲಿ ಅದು ‘ನಾನು’ ಎಂದು ಹಾಡುವ ಹಾಡು, ದೇವರ ಮುಂದೆ ನಿಂತ ಒಂದು ಜೀವ ತನ್ನ ಕಷ್ಟ ಕಳೆದೀತೆಂದು ನಂಬಿ ಹಾಡುವುದು. ಕಾರ್ಖಾನೆಯ ಮುಂದಿನ ಆ ಸಾಲಿನಲ್ಲಿ ಅದು ‘ನಾವು’ ಆಯಿತು.

ವ್ಯಾಕರಣದಲ್ಲಿ ಏಕವಚನ, ಬಹುವಚನ ಎಂದು ಎಷ್ಟು ಸಲ ಪಾಠ ಮಾಡಿದ್ದೇನೊ! ಒಂದು ಸರ್ವನಾಮ ಬದಲಾದರೆ ಇಷ್ಟೆಲ್ಲ ಆದೀತೆಂದು ನನಗೆ ಹೊಳೆದಿರಲಿಲ್ಲ. ‘ನಾನು’ ಎಂದಾಗ ಅದು ಪ್ರಾರ್ಥನೆ. ‘ನಾವು’ ಎಂದಾಗ ಅದು ಕಾರ್ಖಾನೆಯ ಬಾಗಿಲಲ್ಲಿ ನಿಂತವರ ಮಾತು. ನಮ್ಮ ಶಾಲೆಯ ಅಂಗಳದಲ್ಲಿ ನಾನು ಹಾಡಿಸುತ್ತಿದ್ದುದು ಆ ಹಾಡನ್ನೇ. ಗೆಲ್ಲೋದು ಯಾರು ಎಂದು ಕೇಳಿದ್ದಳಲ್ಲ, ಉತ್ತರ ಸಿಕ್ಕಿತು: ಹೊಗೆಸೊಪ್ಪಿನ ಕೆಲಸ ಮಾಡುವ ಹೆಂಗಸರು.

ಆ ಹೆಂಗಸರ ಬಾಯಿಂದ ಹಾಡು ಹೊರಗೆ ಬಂದದ್ದು ಹೀಗೆ. ಟೆನೆಸಿ ರಾಜ್ಯದ ಬೆಟ್ಟದ ಮೇಲೆ ಹೈಲ್ಯಾಂಡರ್ ಎಂಬ ಶಾಲೆಯಿತ್ತು. ಬಿಳಿಯರು, ಕಪ್ಪು ಜನ ಒಟ್ಟಿಗೆ ಕೂತು, ಒಟ್ಟಿಗೆ ಉಂಡು, ಸಂಘಟನೆಯ ಕೆಲಸ ಕಲಿಯುತ್ತಿದ್ದ ಜಾಗ. ಆ ಕಾಲದಲ್ಲಿ ಅದೇ ದೊಡ್ಡ ಅಪರಾಧ. ಚಾರ್ಲ್‌ಸ್ಟನ್ನಿನ ಮುಷ್ಕರದವರು ಅಲ್ಲಿಗೆ ಹೋದಾಗ ಈ ಹಾಡನ್ನೂ ಕೊಂಡೊಯ್ದರು. ಅಲ್ಲಿ ಸಂಗೀತ ನೋಡಿಕೊಳ್ಳುತ್ತಿದ್ದ ಜಿಲ್ಫಿಯಾ ಹಾರ್ಟನ್ ಎಂಬಾಕೆ ಕಲಿತು, ಬಂದ ಬಂದವರಿಗೆಲ್ಲ ಕಲಿಸಿದಳು.

ಇದೇ ಹೈಲ್ಯಾಂಡರಿಗೆ ಚಾರ್ಲ್‌ಸ್ಟನ್ನಿನಿಂದ ಇನ್ನೊಬ್ಬಾಕೆಯೂ ಹೋಗಿದ್ದಳು, ಸೆಪ್ಟಿಮಾ ಕ್ಲಾರ್ಕ್. ಅವಳು ನನ್ನ ಹಾಗೆಯೇ ಶಾಲೆಯ ಟೀಚರು. 1898ರಲ್ಲಿ ಹುಟ್ಟಿದವಳು, ಅವಳ ತಂದೆ ಗುಲಾಮನಾಗಿ ಹುಟ್ಟಿದವನು. 1916ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ್ದು ಚಾರ್ಲ್‌ಸ್ಟನ್ನಿನ ಮಗ್ಗುಲಿನ ಜಾನ್ಸ್ ದ್ವೀಪದಲ್ಲಿ. 132 ಮಕ್ಕಳಿಗೆ ಇಬ್ಬರು ಟೀಚರು, ಇವಳ ಸಂಬಳ ತಿಂಗಳಿಗೆ 35 ಡಾಲರ್. ಹತ್ತಿರದಲ್ಲೇ ಇದ್ದ ಬಿಳಿಯರ ಶಾಲೆಯಲ್ಲಿ ಮೂರು ಮಕ್ಕಳು, ಟೀಚರಿಗೆ 85 ಡಾಲರ್! 1956ರಲ್ಲಿ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಸಂಘದ ಸದಸ್ಯತ್ವ ಬಿಡು ಎಂದರು. ಬಿಡಲಿಲ್ಲ. ನಲವತ್ತು ವರ್ಷ ದುಡಿದ ಮೇಲೆ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪಿಂಚಣಿಯ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿಕೊಳ್ಳುವ ವಯಸ್ಸಿನವಳು ನಾನು. ನನ್ನನ್ನು ಹಾಗೆ ಕೇಳಿದ್ದರೆ ಏನು ಉತ್ತರ ಕೊಡುತ್ತಿದ್ದೆ?

ಸೆಪ್ಟಿಮಾ ಮನೆಯಲ್ಲಿ ಕೂರಲಿಲ್ಲ. ಓದು ಬರೆಹದ ಪರೀಕ್ಷೆಯಲ್ಲಿ ಗೆದ್ದರಷ್ಟೇ ಓಟು ಎಂದು ಕಾನೂನಿದ್ದ ಕಾಲ ಅದು. 1957ರ ಜನವರಿಯಲ್ಲಿ ಜಾನ್ಸ್ ದ್ವೀಪದ ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡವರ ಶಾಲೆ ಶುರುವಾಯಿತು. ಮುಂದೆ ದಿನಸಿ ಅಂಗಡಿ, ಬಿಳಿಯರ ಕಣ್ಣಿಗೆ ಬೀಳದ ಹಾಗೆ ಹಿಂದೆ ಶಾಲೆ. ಅಲ್ಲಿ ಕಲಿಸಿದವಳು ಬರ್ನಿಸ್ ರಾಬಿನ್ಸನ್, ಕೂದಲು ಶೃಂಗಾರದ ಅಂಗಡಿ ನಡೆಸುತ್ತಿದ್ದವಳು. ಮೊದಲು ಬಂದವರು ಹದಿನಾಲ್ಕು ಮಂದಿ. ಹೆಸರು ಬರೆಯುವುದು, ಮನಿಯಾರ್ಡರ್ ಫಾರಂ ತುಂಬುವುದು, ರಾಜ್ಯದ ಸಂವಿಧಾನದ ಸಾಲುಗಳನ್ನು ಓದುವುದು, ಇವೇ ಪಾಠಗಳು. 1740ರಲ್ಲಿ ಡೋಲಿಗೂ ಅಕ್ಷರಕ್ಕೂ ಒಟ್ಟಿಗೇ ಬೀಗ ಜಡಿದಿದ್ದರಲ್ಲ. ಎರಡೂ ಬೀಗಗಳನ್ನು ಅದೇ ಕರಾವಳಿಯ ಹೆಂಗಸರೇ ತೆಗೆದರು.

1959ರ ಜುಲೈ 31ರ ರಾತ್ರಿ ಹೈಲ್ಯಾಂಡರಿನ ಮೇಲೆ ಪೊಲೀಸರು ದಾಳಿ ಮಾಡಿದರು. ಹೆಂಡ ಹುಡುಕುವ ನೆಪ. ಅಂದು ಶಿಬಿರ ನಡೆಸುತ್ತಿದ್ದ ಸೆಪ್ಟಿಮಾಳನ್ನು, ಅರವತ್ತು ದಾಟಿದ ಆ ಮುದಿ ಟೀಚರನ್ನು, ಹಿಡಿದು ಕರೆದೊಯ್ದರು. ದೀಪಗಳನ್ನು ಆರಿಸಿದರು. ಕತ್ತಲೆಯಲ್ಲಿ ಬ್ಯಾಟರಿ ಬೆಳಕು ಬಿಡುತ್ತಾ ಕೋಣೆ ಕೋಣೆ ತಡಕಾಡಿದರು. ಅಲ್ಲಿದ್ದ ಹುಡುಗ ಹುಡುಗಿಯರು ಗಟ್ಟಿಯಾಗಿ ಈ ಹಾಡು ಹಾಡತೊಡಗಿದರು. ಆಗ ಮಾಂಟ್ಗೊಮರಿಯಿಂದ ಬಂದಿದ್ದ ಜಮೀಲಾ ಜೋನ್ಸ್ ಎಂಬ ಹದಿಹರೆಯದ ಹುಡುಗಿ, ನಮಗೆ ಭಯವಿಲ್ಲ ಎಂಬ ಅರ್ಥದ ಒಂದು ಸೊಲ್ಲನ್ನು ತಾನಾಗಿ ಸೇರಿಸಿದಳು. ಅದು ಆ ಕತ್ತಲೆಯಲ್ಲಿ ಹುಟ್ಟಿದ ಸೊಲ್ಲು. ಅಷ್ಟು ಗಟ್ಟಿಯಾಗಿ ಹಾಡಲೇಬೇಕೆ ಎಂದು ಕೇಳಿದ ಪೊಲೀಸಿನವನೇ ನಡುಗುತ್ತಿದ್ದ ಎಂದು ಅವಳು ಆಮೇಲೆ ನೆನಪಿಸಿಕೊಂಡಿದ್ದಾಳೆ. ನಮ್ಮ ಮಕ್ಕಳೂ ಆ ಸೊಲ್ಲನ್ನು ಹಾಡುತ್ತಾರೆ. ಅದು ಒಂದು ಚಿಕ್ಕ ಹುಡುಗಿ ಪೊಲೀಸರ ಮುಂದೆ ಕಟ್ಟಿದ್ದೆಂದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಂದಿನ ವರ್ಷದಿಂದ ಆ ಹಾಡು ಮೆರವಣಿಗೆಗಳಲ್ಲಿ, ಜೈಲುಗಳಲ್ಲಿ, ಚರ್ಚುಗಳಲ್ಲಿ ಹರಡಿತು. 1965ರಲ್ಲಿ ಕಪ್ಪು ಜನರ ಓಟಿನ ಹಕ್ಕಿನ ಬಗ್ಗೆ ಮಾತಾಡುತ್ತಾ ಅಧ್ಯಕ್ಷ ಜಾನ್ಸನ್ ಕೂಡ ಸಂಸತ್ತಿನಲ್ಲಿ ಅದರ ಪಲ್ಲವಿಯ ಮಾತನ್ನು ಆಡಿದರು. ಗಾಯಕ ಪೀಟ್ ಸೀಗರ್ ದೇಶ ದೇಶಗಳಲ್ಲಿ ಹಾಡಿದರು. ಹಿಂದಿಯಲ್ಲಿ ಕವಿ ಗಿರಿಜಾಕುಮಾರ್ ಮಾಥುರ್ ಬರೆದುಕೊಟ್ಟರು. ಕನ್ನಡದಲ್ಲಿ ಶಾಲೆಗಳಲ್ಲಿಯೂ ಚಳವಳಿಯ ಸಭೆಗಳಲ್ಲಿಯೂ ಹಬ್ಬಿತು. 1960ರ ದಶಕದ ಆರಂಭದಲ್ಲಿ ಆ ಹಾಡಿನ ಹಕ್ಕನ್ನು ನಾಲ್ವರು ಬಿಳಿಯರ ಹೆಸರಿನಲ್ಲಿ ನೋಂದಾಯಿಸಿದ್ದರು. ಬಂದ ಹಣ ಕಪ್ಪು ಜನರ ಕೆಲಸಗಳಿಗೆ ಹೋಗುವಂತೆ ನಿಧಿ ಮಾಡಿದ್ದೇನೋ ನಿಜ. ಆದರೆ ಹೊಗೆಸೊಪ್ಪಿನ ಹೆಂಗಸರ ಹೆಸರು ಅಲ್ಲಿರಲಿಲ್ಲ. 2018ರಲ್ಲಿ ನ್ಯಾಯಾಲಯದ ವ್ಯಾಜ್ಯ ರಾಜಿಯಲ್ಲಿ ಮುಗಿದು, ಹಾಡು ಯಾರ ಸ್ವತ್ತೂ ಅಲ್ಲ, ಎಲ್ಲರದೂ ಎಂದಾಯಿತು.

ಇಷ್ಟು ತಿಳಿದ ಮೇಲೂ ಒಂದು ಮುಳ್ಳು ಒಳಗೆ ಉಳಿಯಿತು. ಅರ್ಥ ತಿಳಿಯದೆ ಇಷ್ಟು ವರ್ಷ ಹಾಡಿಸಿದೆನಲ್ಲ, ಅದೆಲ್ಲ ಗಿಳಿಪಾಠವೇ ಆಯಿತೆ? ಇದಕ್ಕೆ ಉತ್ತರ ಸಿಕ್ಕಿದ್ದು ಅದೇ ಕರಾವಳಿಯ ಇನ್ನೊಂದು ಹಾಡಿನ ಕಥೆಯಲ್ಲಿ.

ನಾನು ಹೇಳಿದ್ದೆನಲ್ಲ, ಜಾರ್ಜಿಯಾದ ಮಕಿಂಟಾಷ್ ಜಿಲ್ಲೆ. ಅಲ್ಲಿ ಹ್ಯಾರಿಸ್ ನೆಕ್ ಎಂಬ ಕಡಲ ಬದಿಯ ಹಳ್ಳಿ. 1930ರ ದಶಕದ ಆರಂಭದಲ್ಲಿ ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಭಾಷಾವಿದ್ವಾಂಸ ಭಾರಿ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಗುಲ್ಲಾ ಜನರ ಊರೂರು ತಿರುಗುತ್ತಿದ್ದ. ಗುಲ್ಲಾ ಎಂದರೆ ಕೆಟ್ಟ ಇಂಗ್ಲಿಷ್ ಎಂದು ದೊಡ್ಡವರೆಲ್ಲ ಹಗುರವಾಗಿ ಮಾತಾಡುತ್ತಿದ್ದಾಗ, ಅದರಲ್ಲಿ ಆಫ್ರಿಕದ ಭಾಷೆಗಳು ಉಸಿರಾಡುತ್ತಿವೆ ಎಂದು ತೋರಿಸಿದವನು ಅವನು. ಹ್ಯಾರಿಸ್ ನೆಕ್‌ನಲ್ಲಿ ಅಮೀಲಿಯಾ ಡಾಲಿ ಎಂಬ ಹೆಂಗಸು ಅವನ ಯಂತ್ರದ ಮುಂದೆ ಐದು ಸಾಲಿನ ಒಂದು ಹಾಡು ಹೇಳಿದಳು. ಅದರ ಒಂದು ಮಾತಿನ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ಅಮ್ಮನಿಂದ ಬಂದದ್ದು, ಅವಳಮ್ಮನಿಗೆ ಅವಳಮ್ಮನಿಂದ. ಸಿಯೆರಾ ಲಿಯೋನಿನಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿ ಅದನ್ನು ಕೇಳಿ, ಇದು ನಮ್ಮ ಮೆಂಡೆ ಭಾಷೆ ಎಂದು ಗುರುತಿಸಿದ. ಟರ್ನರನ ಪುಸ್ತಕ 1949ರಲ್ಲಿ ಅಚ್ಚಾಯಿತು.

ಈ ನಡುವೆ 1942ರಲ್ಲಿ, ಯುದ್ಧ ವಿಮಾನಗಳ ನೆಲೆಗೆಂದು ಅಮೆರಿಕದ ಸರ್ಕಾರ ಹ್ಯಾರಿಸ್ ನೆಕ್ ಊರನ್ನೇ ವಶಪಡಿಸಿಕೊಂಡಿತು. ಕೆಲವೇ ವಾರಗಳಲ್ಲಿ ಜನ ಮನೆಮಠ ಬಿಟ್ಟು ಹೊರಬೀಳಬೇಕಾಯಿತು. ಯುದ್ಧ ಮುಗಿದರೂ ನೆಲ ಹಿಂದೆ ಬರಲಿಲ್ಲ. 1962ರಿಂದ ಅದು ಹಕ್ಕಿಗಳ ರಕ್ಷಣೆಯ ವನ್ಯಧಾಮ. ಹಿಂದೆ ಆಫ್ರಿಕದ ಊರು ಕಳೆದುಕೊಂಡವರ ಮಕ್ಕಳು ಅಮೆರಿಕದ ಊರನ್ನೂ ಕಳೆದುಕೊಂಡರು. ಅಮೀಲಿಯಾಳ ಹಾಡು ಮಾತ್ರ ಅವಳ ಮಗಳು ಮೇರಿ ಮೊರಾನಳ ಬಾಯಲ್ಲಿ ಉಳಿದಿತ್ತು. ಮೇರಿಗೆ ಅದು ಅಮ್ಮ ಕಲಿಸಿದ, ಮಕ್ಕಳನ್ನು ಆಡಿಸುವ ಹಾಡು, ಅಷ್ಟೆ.

1990ರಲ್ಲಿ ಮೂವರು ಈ ಹಾಡಿನ ಬೆನ್ನು ಹತ್ತಿದರು: ಮಾನವಶಾಸ್ತ್ರಜ್ಞ ಜೋಸೆಫ್ ಒಪಾಲಾ, ಸಂಗೀತದ ಸಂಶೋಧಕಿ ಸಿಂಥಿಯಾ ಶ್ಮಿಟ್, ಸಿಯೆರಾ ಲಿಯೋನಿನ ಭಾಷಾತಜ್ಞ ತಾಜಿಯೆಫ್ ಕೊರೋಮಾ. ಹಾಡಿನ ಒಂದು ಶಬ್ದ ದಕ್ಷಿಣದ ಮೆಂಡೆಯವರು ಮಾತ್ರ ಆಡುವುದೆಂದು ಕೊರೋಮಾನಿಗೆ ತಿಳಿಯಿತು. ನಮ್ಮಲ್ಲಿ ಒಂದು ಮಾತು ಕೇಳಿಯೇ ಧಾರವಾಡದವರು, ಮಂಗಳೂರಿನವರು ಎಂದು ಹೇಳುತ್ತೇವಲ್ಲ, ಹಾಗೆ. ಆ ಕಡೆಯ ಹಳ್ಳಿಗಳಲ್ಲಿ ಧ್ವನಿಮುದ್ರಣ ಕೇಳಿಸುತ್ತಾ ಹೋದರು. ಸೆನೆಹುನ್ ಗೋಲಾ ಎಂಬ ದೂರದ ಹಳ್ಳಿಯಲ್ಲಿ ಬೈಂದು ಜಬಾಟಿ ಎಂಬ ಹೆಂಗಸು ಅದಕ್ಕೆ ದನಿಗೂಡಿಸಿ ಹಾಡಿದಳು! ಅಜ್ಜಿಯಿಂದ ಕಲಿತದ್ದು ಅವಳಿಗೆ.

ಅಲ್ಲಿ ಅದು ಮಕ್ಕಳಾಟದ ಹಾಡಲ್ಲ, ಸಾವಿನ ಹಾಡು. ಸತ್ತವರನ್ನು ಬೀಳ್ಕೊಡುವ ಶಾಸ್ತ್ರದಲ್ಲಿ ಹೆಂಗಸರು ಅನ್ನ ಬೇಯಿಸಿ, ಸಮಾಧಿಯ ಬಳಿ ಹಾಡುತ್ತಿದ್ದುದು. ಸತ್ತ ಜೀವದ ಎದೆ ತಣ್ಣಗಿರಲಿ ಎಂಬ ಹಾರೈಕೆ ಅದರಲ್ಲಿದೆ. ಮೆಂಡೆಯವರಲ್ಲಿ ಹುಟ್ಟು ಸಾವುಗಳ ಶಾಸ್ತ್ರ ಹೆಂಗಸರದು. ಕಾಲ ಬದಲಾಗಿ ಆ ಶಾಸ್ತ್ರ ನಿಂತುಹೋಗಿತ್ತು. ಆದರೂ ಬೈಂದುವಿನ ಅಜ್ಜಿ ಮೊಮ್ಮಗಳಿಗೆ ಹಾಡು ಕಲಿಸಿ, ಎಂದಾದರೊಂದು ದಿನ ಕಳೆದುಹೋದ ನಮ್ಮವರು ಮರಳಿ ಬಂದಾರು, ಈ ಹಾಡಿನಿಂದಲೇ ಅವರ ಗುರುತು ಸಿಗುತ್ತದೆ ಎಂದಿದ್ದಳಂತೆ.

ಮುಂದಿನ ವರ್ಷವೇ ಸಿಯೆರಾ ಲಿಯೋನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಆರು ವರ್ಷ ಕಾದು, 1997ರಲ್ಲಿ ಮೇರಿ ಮೊರಾನ್ ಮನೆಯವರೊಡನೆ ಸೆನೆಹುನ್ ಗೋಲಾಕ್ಕೆ ಹೋದಳು. ಎಪ್ಪತ್ತು ದಾಟಿದ್ದ ಮೇರಿ, ಬೈಂದು ಎದುರುಬದುರು ನಿಂತರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಹಾಡು ಇಬ್ಬರಿಗೂ ಬರುತ್ತಿತ್ತು. ನಿಂತುಹೋಗ಼ಿದ್ದ ಶಾಸ್ತ್ರವನ್ನು ಊರಿನವರು ಮೇರಿಗಾಗಿ ಮತ್ತೆ ನಡೆಸಿದರು. ಇಷ್ಟು ಹಾಡುಗಳಿರುವಾಗ ಹೊತ್ತೊಯ್ದ ಆ ಹೆಣ್ಣು ಇದೊಂದನ್ನೇ ಏಕೆ ಉಳಿಸಿಕೊಂಡಳು ಎಂದು ಕೇಳಿದ್ದಕ್ಕೆ ಊರಿನ ತೊಂಬತ್ತರ ಮುಖಂಡ ಹೇಳಿದ ಉತ್ತರದ ಸಾರ ಇಷ್ಟು: ಹಿರಿಯರ ಜೊತೆಗೆ ತನ್ನನ್ನು ಕಟ್ಟಿಡುವ ಹಾಡು ಇದೇ ಎಂದು ಅವಳಿಗೆ ಗೊತ್ತಿತ್ತು. ಈ ಭೇಟಿಯ ಚಿತ್ರ 1998ರಲ್ಲಿ ತೆರೆಗೆ ಬಂತು.

ಎರಡು ನೂರು ವರ್ಷ ಆ ಹೆಂಗಸರು ಅರ್ಥ ತಿಳಿಯದೆ ಹಾಡಿದರು. ಅದನ್ನು ಗಿಳಿಪಾಠ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅರ್ಥ ತಿಳಿಯದು ಎಂದು ಅವರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಮಗಳಿಗೆ ಕಲಿಸದೆ ಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆಂದು ಹಾಡುತ್ತಾ ಹೋದರೆ ಮಾತ್ರ ಸಾಕೆ? ಟರ್ನರ್ ಬಂದು ಇದೇನು ಎಂದು ಕೇಳದೆ ಹೋಗಿದ್ದರೆ ಮೇರಿಗೆ ತನ್ನ ಊರು ಯಾವುದೆಂದು ಎಂದಿಗೂ ತಿಳಿಯುತ್ತಿರಲಿಲ್ಲ. ಹಾಡಿನ ನೆನಪಿಗೆ ಇಬ್ಬರು ಬೇಕು. ತಿಳಿಯದಿದ್ದರೂ ಕಾದಿಡುವವರು ಒಬ್ಬರು, ಎದ್ದು ನಿಂತು ‘ಯಾರದು, ಯಾಕೆ’ ಎಂದು ಕೇಳುವವರು ಒಬ್ಬರು. ನಾನು ಮೊದಲನೆಯ ಕೆಲಸ ಮಾಡಿದ್ದೆ. ಎರಡನೆಯದನ್ನು ಮೂರನೆಯ ಸಾಲಿನ ಹುಡುಗಿ ಮಾಡಿದಳು. ನಾನು ಅವಳನ್ನು ನಕ್ಕು ಕೂರಿಸಿದ್ದೆ.

ಮುಂದಿನ ಶನಿವಾರ ಮೊದಲ ಪೀರಿಯಡ್ಡಿನಲ್ಲಿ ಪುಸ್ತಕ ತೆಗೆಸಲಿಲ್ಲ. ಡೋಲು ಕಿತ್ತುಕೊಂಡದ್ದು, ಹಬೆಯಾಡುವ ಅನ್ನ ಹೊತ್ತು ಓಡಿದ ತಾಯಿ, ಮಳೆಯಲ್ಲಿ ನಿಂತ ಲೂಸಿಲ್, ಕತ್ತಲೆಯಲ್ಲಿ ಹಾಡಿದ ಹುಡುಗಿ, ಎಲ್ಲವನ್ನೂ ಹೇಳಿದೆ. ಹುಡುಗಿ ಮತ್ತೆ ಎದ್ದು ನಿಂತಳು. ಈ ಸಲ ಯಾರೂ ನಗಲಿಲ್ಲ.

“ಟೀಚರ್, ಕೊನೆಗೆ ಅವ್ರಿಗೆ ಕೂಲಿ ಜಾಸ್ತಿ ಮಾಡಿದ್ರಾ?”

“ಮಾಡಿದರು ಕಣೇ. ಕೇಳಿದಷ್ಟು ಕೊಡಲಿಲ್ಲ.”

ಅವಳು ತಲೆಯಾಡಿಸಿ ಕೂತಳು. ಇದು ಅವಳಿಗೆ ಹೊಸ ಸಂಗತಿಯೇನಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಹಾಜರಿ ಪುಸ್ತಕ ತೆಗೆಯುವ ಮೊದಲೇ ಮೇಜಿನ ಬಳಿ ಬಂದು ನಿಂತು, ಸಣ್ಣ ದನಿಯಲ್ಲಿ ಹೇಳಿದಳು: “ಟೀಚರ್, ಆ ಹೊಗೆಸೊಪ್ಪಿನವರ ಹಾಡು ಅಮ್ಮಂಗೂ ಹೇಳ್ಕೊಟ್ಟೆ. ನಿನ್ನೆ ಬೀಡಿ ಕಟ್ತಾ ಹಾಡ್ಕೋತಿದ್ರು.”